ಮಡಚಿದ ನಗರ, ಮುಗಿಯದ ಚೌಕಾಸಿ

ಮಾರ್ವೆಲ್ ಸ್ಟುಡಿಯೋಸ್‌ನ ‘ಡಾಕ್ಟರ್ ಸ್ಟ್ರೇಂಜ್’ 2016ರ ನವೆಂಬರ್‌ನಲ್ಲಿ ತೆರೆಗೆ ಬಂದಾಗ ಅಭಿಮಾನಿಗಳ ಬಾಯಲ್ಲಿ ಎರಡು ಮಾತುಗಳಿದ್ದವು. ಕಣ್ಣಿಗೆ ಹಬ್ಬ ಎಂಬುದು ಒಂದು, ಕಥೆ ಮಾತ್ರ ಹಳೆಯದು ಎಂಬುದು ಇನ್ನೊಂದು. ನ್ಯೂಯಾರ್ಕಿನ ಬೀದಿಗಳು ಎದ್ದು ನಿಂತು ಒಂದರೊಳಗೊಂದು ಮಡಚಿಕೊಳ್ಳುವುದನ್ನು ಬಿಟ್ಟಕಣ್ಣು ಬಿಟ್ಟಂತೆ ನೋಡಿದವರೇ, ಸೊಕ್ಕಿನ ಸಿರಿವಂತನೊಬ್ಬ ಪೆಟ್ಟು ತಿಂದು ವೀರನಾಗುವ ಕಥೆಯನ್ನು 2008ರ ‘ಐರನ್ ಮ್ಯಾನ್’ನಲ್ಲೇ ನೋಡಿಯಾಗಿದೆ ಎಂದು ಗೊಣಗಿದರು. ಮ್ಯಾಡ್ಸ್ ಮಿಕೆಲ್‌ಸೆನ್‌ರಂಥ ನಟರನ್ನು ಖಳನ ಪಾತ್ರಕ್ಕೆ ಕರೆತಂದು ಅವರಿಗೆ ಮಾಡಲು ಏನನ್ನೂ ಕೊಟ್ಟಿಲ್ಲ ಎಂಬ ದೂರೂ ಇತ್ತು. ಆದರೂ ಮೆಚ್ಚುಗೆಯ ತೂಕವೇ ಹೆಚ್ಚು. ಅಮೆರಿಕದ ಚಿತ್ರಮಂದಿರಗಳಲ್ಲಿ ಮೊದಲ ದಿನ ಬಂದ ಪ್ರೇಕ್ಷಕರನ್ನೇ ಕೇಳಿ ದರ್ಜೆ ಕೊಡುವ ಸಿನಿಮಾಸ್ಕೋರ್ ಸಮೀಕ್ಷೆಯಲ್ಲಿ ಚಿತ್ರಕ್ಕೆ ‘ಎ’ ಸಿಕ್ಕಿತು. ಜಗತ್ತಿನಾದ್ಯಂತ ಗಳಿಕೆ 67 ಕೋಟಿ ಡಾಲರ್ ದಾಟಿತು.

ಅಂದಿನಿಂದ ಇಂದಿನವರೆಗೆ ಅಭಿಮಾನಿಗಳು ಈ ಚಿತ್ರದಿಂದ ಎತ್ತಿಕೊಂಡು ಆಡಿರುವ ಮಾತು ಯಾವುದು ಎಂದು ನೋಡಿದರೆ ಬೇರೆಯೇ ಉತ್ತರ ಸಿಗುತ್ತದೆ. ಡೊರ್ಮಾಮು ಎಂಬ ಕತ್ತಲ ಲೋಕದ ಒಡೆಯನ ಮುಂದೆ ನಿಂತು ಶಸ್ತ್ರವೈದ್ಯನಾಗಿದ್ದು ಮಾಂತ್ರಿಕನಾದ ನಾಯಕ ಸ್ಟ್ರೇಂಜ್, ತಾನು ಚೌಕಾಸಿಗೆ ಬಂದಿದ್ದೇನೆ ಎಂದು ಹೇಳುತ್ತಾನೆ. ಸಾಯುತ್ತಾನೆ. ಮತ್ತೆ ಬಂದು ಅದೇ ಮಾತು ಹೇಳುತ್ತಾನೆ. ಮತ್ತೆ ಸಾಯುತ್ತಾನೆ. ಹಟ ಬಿಡದ ಮಕ್ಕಳ ಬಗ್ಗೆ, ಸಂಬಳ ಹೆಚ್ಚಿಸಿ ಎಂದು ದುಂಬಾಲು ಬೀಳುವ ನೌಕರರ ಬಗ್ಗೆ ಈ ಒಂದು ಸಾಲಿನಿಂದ ಹುಟ್ಟಿದ ಮೀಮ್‌ಗಳಿಗೆ ಲೆಕ್ಕವಿಲ್ಲ. ಇದನ್ನು ಬರೀ ತಮಾಷೆ ಎಂದು ತಳ್ಳಿಹಾಕುವುದು ತಪ್ಪು. ಚಿತ್ರದ ನಿಜವಾದ ಸಾಧನೆ ಎಲ್ಲಿದೆ ಎಂಬುದನ್ನು ಅಭಿಮಾನಿಗಳ ಈ ಆಯ್ಕೆ ಅನೇಕ ವಿಮರ್ಶಕರಿಗಿಂತ ಚೆನ್ನಾಗಿ ಗುರುತಿಸಿದೆ.

ಬಹಳ ಹೊಗಳಿಸಿಕೊಂಡ ನ್ಯೂಯಾರ್ಕ್ ದೃಶ್ಯವನ್ನೇ ಮೊದಲು ನೋಡಬೇಕು. ಮಿಕೆಲ್‌ಸೆನ್ ನಟಿಸಿದ ಖಳ ಕೆಸಿಲಿಯಸ್‌ನ ಬಳಗ ಸ್ಟ್ರೇಂಜ್ ಮತ್ತು ಅವನ ಜೊತೆಗಾರ ಮೊರ್ಡೊ ಇಬ್ಬರನ್ನೂ, ನಿಜ ಲೋಕದ ಪ್ರತಿಬಿಂಬದಂತಿರುವ ಕನ್ನಡಿ ಲೋಕದಲ್ಲಿ ಬೆನ್ನಟ್ಟುತ್ತದೆ. ರಸ್ತೆ ಗೋಡೆಯಾಗುತ್ತದೆ, ಗೋಡೆ ಮಾಳಿಗೆಯಾಗುತ್ತದೆ, ಕಾಲಡಿಯ ನೆಲ ಹೋಳುಹೋಳಾಗಿ ಜಾರುತ್ತದೆ. ಡಚ್ ಕಲಾವಿದ ಎಂ.ಸಿ. ಎಷರ್ ಬರೆದ ಬುಡ ತುದಿ ತಿಳಿಯದ ಮೆಟ್ಟಿಲುಗಳ ನೆನಪು ಬಾರದೆ ಇರದು. ಪ್ಯಾರಿಸ್ಸನ್ನು ಮಡಚಿದ್ದ 2010ರ ‘ಇನ್ಸೆಪ್ಷನ್’ ಜೊತೆಗಿನ ಹೋಲಿಕೆ ಟ್ರೇಲರ್ ಬಂದಾಗಲೇ ಶುರುವಾಗಿತ್ತು. ಅದರ ನಿರ್ದೇಶಕ ನೋಲನ್ ಒಮ್ಮೆ ತೋರಿಸಿ ಬಿಟ್ಟದ್ದನ್ನು ನಿರ್ದೇಶಕ ಸ್ಕಾಟ್ ಡೆರಿಕ್ಸನ್ ಓಟ, ಜಿಗಿತ, ಕಾಳಗಗಳ ಅಖಾಡವನ್ನಾಗಿ ಮಾಡಿದರು ಎಂದು ಅಭಿಮಾನಿಗಳು ವಾದಿಸಿದ್ದರಲ್ಲಿ ನ್ಯಾಯವಿದೆ. ದೊಡ್ಡ ತೆರೆಯ ಮೇಲೆ, ತ್ರೀಡಿಯಲ್ಲಿ, ತಲೆ ಸುತ್ತುವಂತೆ ಮಾಡುವ ದೃಶ್ಯ ಅದು.

ಆದರೆ ಅದಕ್ಕೊಂದು ಕೊರತೆಯಿದೆ. ಕನ್ನಡಿ ಲೋಕದಲ್ಲಿ ಏನೇ ಮುರಿದರೂ ನಿಜ ಲೋಕಕ್ಕೆ ತಟ್ಟುವುದಿಲ್ಲ ಎಂದು ಕಥೆಯೇ ಮೊದಲು ಹೇಳಿಬಿಟ್ಟಿದೆ. ಬಸ್ಸಿನಲ್ಲಿ ಕೂತವನಿಗೆ, ಬೀದಿಯಲ್ಲಿ ನಡೆಯುವವಳಿಗೆ ಇದಾವುದೂ ಕಾಣುವುದಿಲ್ಲ. ಹಾಗಾಗಿ ಇಡೀ ನಗರ ಮಡಚಿಕೊಂಡರೂ ಯಾರಿಗೂ ನಷ್ಟವಿಲ್ಲ, ನೋಡುವವರ ಎದೆಯಲ್ಲಿ ಭಯವೂ ಇಲ್ಲ. ಬೆರಗು ಬಂದು ಹೋಗುತ್ತದೆ. ಭಾವ ಬರುವುದು ಆ ಬೆನ್ನಟ್ಟುವಿಕೆ ಮುಗಿದು ಏನ್ಶಿಯೆಂಟ್ ಒನ್ ಎಂಬ ಗುರು ಗಾಯಗೊಂಡು ನಿಜವಾದ ಬೀದಿಗೆ ಬಂದು ಬಿದ್ದಾಗ. ಬಳಿಕ ಆಸ್ಪತ್ರೆಯ ಮೊಗಸಾಲೆಯಲ್ಲಿ ಗುರು ಶಿಷ್ಯರ ಸೂಕ್ಷ್ಮ ಶರೀರಗಳು ಅಕ್ಕಪಕ್ಕ ನಿಲ್ಲುತ್ತವೆ. ಹೊರಗೆ ಹಿಮ ಬೀಳುತ್ತಿದೆ, ಮಿಂಚು ಆಕಾಶದಲ್ಲಿ ಬೇರಿನಂತೆ ನಿಧಾನವಾಗಿ ಹರಡುತ್ತಿದೆ. ಸಾವಿನ ಒಂದು ಕ್ಷಣವನ್ನು ಹಿಗ್ಗಿಸಿ, ಆ ಹಿಗ್ಗಿದ ಕ್ಷಣದೊಳಗೆ ಮಾತಿಗೆ ಜಾಗ ಮಾಡಿಕೊಟ್ಟಿದ್ದಾರೆ. ಗ್ರಾಫಿಕ್ಸ್ ಇಲ್ಲಿ ಪಾತ್ರದ ಮನಸ್ಸಿಗಾಗಿ ದುಡಿಯುತ್ತದೆ. ಈ ಚಿತ್ರವನ್ನು ಪ್ರೀತಿಸುವವರಲ್ಲಿ ಅನೇಕರು ಈ ದೃಶ್ಯವನ್ನು ವಿಶೇಷವಾಗಿ ಹೆಸರಿಸುವುದು ಸುಮ್ಮನೆ ಅಲ್ಲ.

ಚಿತ್ರದ ಮಾಯಾಲೋಕಕ್ಕೆ ಮೂಲ ಕಂಪ್ಯೂಟರ್ ಅಲ್ಲ, ಕಾಗದ. ‘ಸ್ಟ್ರೇಂಜ್ ಟೇಲ್ಸ್’ ಕಾಮಿಕ್ಸ್ ಪತ್ರಿಕೆಯ 110ನೇ ಸಂಚಿಕೆಯಲ್ಲಿ, 1963ರಲ್ಲಿ, ಬರೀ ಐದು ಪುಟಗಳ ಕಥೆಯಾಗಿ ಡಾಕ್ಟರ್ ಸ್ಟ್ರೇಂಜ್ ಹುಟ್ಟಿದ. ಬರಹ ಸ್ಟ್ಯಾನ್ ಲೀ ಅವರದು, ಚಿತ್ರ ಸ್ಟೀವ್ ಡಿಟ್ಕೊ ಅವರದು. ಗಾಳಿಯಲ್ಲಿ ತೇಲುವ ಬಾಗಿಲುಗಳು, ಎಲ್ಲಿಂದಲೋ ಎಲ್ಲಿಗೋ ಹಬ್ಬುವ ದಾರಿಗಳು, ಮೇಲು ಕೆಳಗು ಎಂಬುದಿಲ್ಲದ ಲೋಕಗಳು ಡಿಟ್ಕೊ ಅವರ ಕೈಯಿಂದ ಬಂದವು. ಅಂದಿನ ಅಭಿಮಾನಿಗಳೂ ಇಂದಿನವರಷ್ಟೇ ಮೈಮರೆತಿದ್ದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1965ರ ಅಕ್ಟೋಬರ್‌ನಲ್ಲಿ ಡಾಕ್ಟರ್ ಸ್ಟ್ರೇಂಜ್‌ಗೆ ಅರ್ಪಿಸಿದ ಸಂಗೀತ ಕೂಟವೊಂದು ನಡೆಯಿತು. ಜೆಫರ್‌ಸನ್ ಏರ್‌ಪ್ಲೇನ್ ತಂಡ ಅಲ್ಲಿ ಹಾಡಿತು. ಪಿಂಕ್ ಫ್ಲಾಯ್ಡ್ ತಂಡ 1968ರಲ್ಲಿ ತಂದ ಎರಡನೆಯ ಆಲ್ಬಮ್ಮಿನ ಹೊದಿಕೆಯಲ್ಲಿ ಈ ಮಾಂತ್ರಿಕನ ಚಿತ್ರ ಸೇರಿಕೊಂಡಿದೆ. ಇಂಥದ್ದನ್ನು ಬರೆಯಬೇಕಾದರೆ ಕಲಾವಿದ ನಶೆಯಲ್ಲೇ ಇರಬೇಕು ಎಂದು ಕಾಲೇಜು ಹುಡುಗರು ನಂಬಿದ್ದರು. ಡಿಟ್ಕೊ ಹಾಗಿರಲಿಲ್ಲ. ಲೇಖಕಿ ಅಯ್ನ್ ರ‍್ಯಾಂಡ್ ವಿಚಾರಗಳನ್ನು ಒಪ್ಪಿಕೊಂಡ, ಸಂದರ್ಶನಗಳಿಂದ ದೂರವಿದ್ದ, ಕಟ್ಟುನಿಟ್ಟಿನ ಮನುಷ್ಯ ಅವರು. ಶಿಸ್ತಿನ ಮನಸ್ಸಿನಿಂದ ಹುಟ್ಟಿದ ಈ ಸ್ವೈರ ಕಲ್ಪನೆಯನ್ನು ಅಭಿಮಾನಿಗಳು ತಮಗೆ ಬೇಕಾದಂತೆ ಓದಿಕೊಂಡರು.

ಚೌಕಾಸಿಯ ದೃಶ್ಯಕ್ಕೂ ಡಿಟ್ಕೊ ಕಾಲದ ಬೇರಿದೆ. ಡೊರ್ಮಾಮು 1964ರಲ್ಲಿ ಕಾಮಿಕ್ಸಿಗೆ ಬಂದಾಗಲೇ ಸ್ಟ್ರೇಂಜ್ ಅವನನ್ನು ಬಡಿದು ಗೆದ್ದಿರಲಿಲ್ಲ. ಡೊರ್ಮಾಮುವಿನ ಲೋಕವನ್ನೇ ನುಂಗಲಿದ್ದ ಬುದ್ಧಿಹೀನ ದೈತ್ಯರ ಹಿಂಡನ್ನು ತಡೆಯಲು ತನ್ನ ಶಕ್ತಿಯನ್ನು ಎರವಲು ಕೊಟ್ಟು, ಆ ಋಣದ ಬಲದಿಂದ, ಭೂಮಿಯ ತಂಟೆಗೆ ಬರುವುದಿಲ್ಲ ಎಂಬ ಮಾತು ತೆಗೆದುಕೊಂಡಿದ್ದ. ಡೆರಿಕ್ಸನ್ ಮತ್ತು ಸಹಲೇಖಕರು ಈ ಎಳೆಯನ್ನು ಬಿಡದೆ, ಅದಕ್ಕೆ ಕಾಲಚಕ್ರದ ಉಪಾಯವನ್ನು ಜೋಡಿಸಿದರು.

ಆ ಉಪಾಯ ಎಷ್ಟು ದಿಟ್ಟವಾದದ್ದು ಎಂಬುದು ಆ ಕಾಲದ ಉಳಿದ ಸೂಪರ್‌ಹೀರೊ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದಾಗ ತಿಳಿಯುತ್ತದೆ. 2012ರ ‘ದಿ ಅವೆಂಜರ್ಸ್’ ನ್ಯೂಯಾರ್ಕನ್ನು, 2013ರ ‘ಮ್ಯಾನ್ ಆಫ್ ಸ್ಟೀಲ್’ ಮೆಟ್ರೊಪೊಲಿಸ್ಸನ್ನು, 2015ರ ‘ಏಜ್ ಆಫ್ ಅಲ್ಟ್ರಾನ್’ ಸೊಕೊವಿಯಾವನ್ನು ಪುಡಿಗಟ್ಟಿದ್ದವು. ‘ಡಾಕ್ಟರ್ ಸ್ಟ್ರೇಂಜ್’ ಹಾಂಕಾಂಗಿನ ಬೀದಿಗೆ ತಲುಪುವ ಹೊತ್ತಿಗೆ ಅಲ್ಲಿ ಎಲ್ಲವೂ ಆಗಲೇ ಕುಸಿದಿದೆ. ನಾಯಕ ಕಾಲವನ್ನು ಹಿಂದಕ್ಕೆ ತಿರುಗಿಸುತ್ತಾನೆ. ಇಟ್ಟಿಗೆಗಳು ಗೋಡೆಗೆ ಮರಳುತ್ತವೆ, ಒಡೆದ ಗಾಜು ಒಂದಾಗುತ್ತದೆ, ಸತ್ತಿದ್ದ ಸಹ ಮಾಂತ್ರಿಕ ವಾಂಗ್ ಎದ್ದು ನಿಲ್ಲುತ್ತಾನೆ. ಊರು ಕಟ್ಟಿಕೊಳ್ಳುತ್ತಿರುವಾಗಲೇ ಅದರ ನಡುವೆ ಕಾಳಗ ಸಾಗುತ್ತದೆ. ಅದಾದ ಮೇಲೆ ಸ್ಟ್ರೇಂಜ್ ಕತ್ತಲ ಲೋಕಕ್ಕೆ ಹೋಗಿ, ತನ್ನನ್ನೂ ಡೊರ್ಮಾಮುವನ್ನೂ ಕಾಲದ ಒಂದು ಸುರುಳಿಯಲ್ಲಿ ಕೂಡಿಹಾಕುತ್ತಾನೆ. ಗೆಲ್ಲುವ ಶಕ್ತಿ ಅವನಿಗಿಲ್ಲ. ಸೋಲುತ್ತಲೇ ಇರುವ ತಾಳ್ಮೆ ಇದೆ, ಎದುರಾಳಿಗೆ ಅದಿಲ್ಲ. ಸೋಲೆಂದರೇನೆಂದು ತಿಳಿಯದಿದ್ದ, ಕೈ ನಡುಗತೊಡಗಿದ ಮೇಲೆ ಬದುಕೇ ಮುಗಿಯಿತೆಂದುಕೊಂಡಿದ್ದ ಶಸ್ತ್ರವೈದ್ಯನೊಬ್ಬ ಲೋಕವನ್ನು ಉಳಿಸುವುದು ಸೋಲಿನಿಂದ. ಡೊರ್ಮಾಮುವಿನ ಮುಖಭಾವಗಳಿಗೆ ಆಧಾರವಾದದ್ದೂ ಸ್ಟ್ರೇಂಜ್ ಪಾತ್ರಧಾರಿ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಅವರ ಅಭಿನಯವೇ ಎಂಬುದು ತಿಳಿದ ಮೇಲೆ ಈ ಮುಖಾಮುಖಿಯ ರುಚಿ ಹೆಚ್ಚುತ್ತದೆ: ಸೊಕ್ಕು ತನ್ನದೇ ಬೃಹತ್ ರೂಪದ ಎದುರು ನಿಂತಿದೆ. ಕಥೆ ‘ಐರನ್ ಮ್ಯಾನ್’ನ ನಕಲು ಎಂಬ ಗೊಣಗಾಟ ಮೊದಲರ್ಧಕ್ಕೆ ಒಪ್ಪುವ ಮಾತು, ಈ ಅಂತ್ಯದ ಮುಂದೆ ಅದು ನಿಲ್ಲದು.

ಅಭಿಮಾನಿಗಳು ಎಡವಿದ ಜಾಗವೂ ಇದೆ. ಕಾಮಿಕ್ಸಿನಲ್ಲಿ ಏನ್ಶಿಯೆಂಟ್ ಒನ್ ಟಿಬೆಟ್ ಕಡೆಯ ಮುದುಕ. ಚಿತ್ರದಲ್ಲಿ ಆ ಪಾತ್ರ ಬ್ರಿಟಿಷ್ ನಟಿ ಟಿಲ್ಡಾ ಸ್ವಿಂಟನ್ ಅವರಿಗೆ ಹೋಯಿತು. ಗುರುವಿನ ಮೂಲ ಕೆಲ್ಟಿಕ್ ಎಂದಾಯಿತು. ಏಷ್ಯಾದ ಪಾತ್ರವನ್ನು ಬಿಳಿಯರಿಗೆ ಕೊಟ್ಟದ್ದನ್ನು ಜಾರ್ಜ್ ಟಕೇಯಿ ಮೊದಲಾದ ಏಷ್ಯನ್ ಮೂಲದ ಅಮೆರಿಕನ್ ಕಲಾವಿದರು ಬಹಿರಂಗವಾಗಿ ಟೀಕಿಸಿದರು. ಟಿಬೆಟಿನ ಪಾತ್ರವನ್ನು ಹಾಗೇ ಇಟ್ಟರೆ ಚೀನಾದ ಪ್ರೇಕ್ಷಕರು ಕೈತಪ್ಪುವ ಅಪಾಯವಿತ್ತು ಎಂಬರ್ಥದ ಮಾತನ್ನು ಸಹಲೇಖಕ ರಾಬರ್ಟ್ ಕಾರ್ಗಿಲ್ ಆಡಿದ್ದು ಬೆಂಕಿಗೆ ತುಪ್ಪ ಸುರಿಯಿತು. ಆಗ ಅಭಿಮಾನಿಗಳಲ್ಲಿ ದೊಡ್ಡ ಪಾಲು ಚಿತ್ರದ ಬೆನ್ನಿಗೆ ನಿಂತು, ಸ್ವಿಂಟನ್ ಎಷ್ಟು ಚೆನ್ನಾಗಿ ನಟಿಸಿದ್ದಾರೆ ನೋಡಿ ಎಂದರು. ಅವರು ಚೆನ್ನಾಗಿ ನಟಿಸಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಶ್ನೆ ಅದಾಗಿರಲಿಲ್ಲ. ಮುದಿ ಏಷ್ಯನ್ ಮಾಂತ್ರಿಕನೆಂಬ ಸವೆದ ಅಚ್ಚನ್ನು ತಪ್ಪಿಸಬೇಕೆಂಬ ಡೆರಿಕ್ಸನ್ ಅವರ ಉದ್ದೇಶ ಒಳ್ಳೆಯದೇ. ಅಚ್ಚನ್ನು ಮುರಿಯಲು ಏಷ್ಯನ್ ನಟ ನಟಿಯರಿಗೇ ಹೊಸ ಬಗೆಯ ಗುರುವಿನ ಪಾತ್ರ ಬರೆಯಬಹುದಿತ್ತು. ಮಾರ್ವೆಲ್ ಮುಖ್ಯಸ್ಥ ಕೆವಿನ್ ಫೈಗಿ 2021ರಲ್ಲಿ, ಆಗ ತಾವು ಜಾಣತನ ಮೆರೆದೆವೆಂದುಕೊಂಡಿದ್ದೆವು, ಟೀಕೆಗಳು ಕಣ್ಣು ತೆರೆಸಿದವು ಎಂಬರ್ಥದಲ್ಲಿ ಮಾತನಾಡಿದರು. ನಿರ್ಮಾಪಕರೇ ಒಪ್ಪಿಕೊಂಡದ್ದನ್ನು ಅಭಿಮಾನ ಇನ್ನೂ ಅಲ್ಲಗಳೆಯಬೇಕಿಲ್ಲ.

ಇದೇ ಚಿತ್ರ ಏಷ್ಯಾದ ಒಂದು ಊರನ್ನು ಗೌರವದಿಂದ ತೋರಿಸಿದ್ದನ್ನೂ ಹೇಳಬೇಕು. ನೇಪಾಳವನ್ನು 2015ರ ಏಪ್ರಿಲ್‌ನಲ್ಲಿ ಭೂಕಂಪ ನಲುಗಿಸಿತು. ಚಿತ್ರತಂಡ ಜಾಗ ಬದಲಿಸದೆ ಅದೇ ನವೆಂಬರ್‌ನಲ್ಲಿ ಕಠ್ಮಂಡುವಿಗೆ ಹೋಯಿತು. ಸ್ವಯಂಭೂನಾಥ, ಪಶುಪತಿನಾಥ, ಪಾಟನ್ ದರ್ಬಾರ್ ಚೌಕಗಳಲ್ಲಿ ಗಡ್ಡ ಬಿಟ್ಟ ಕಂಬರ್‌ಬ್ಯಾಚ್ ದಾರಿ ಕೇಳುತ್ತಾ ಅಲೆಯುವ ದೃಶ್ಯಗಳು ಹೀಗೆ ಚಿತ್ರೀಕರಣಗೊಂಡವು. ಮಾಯೆಯ ಲೋಕಗಳಿಗಿಂತ ಆ ಗಲ್ಲಿಗಳ ಧೂಳೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಎರಡನೆಯ ಚಿತ್ರಕ್ಕೆ ಬಂದರೆ ಅಭಿಮಾನದ ಇನ್ನೊಂದು ಮುಖ ಕಾಣುತ್ತದೆ. ಡೆರಿಕ್ಸನ್ 2020ರ ಆರಂಭದಲ್ಲಿ ಹೊರನಡೆದು, ಸ್ಯಾಮ್ ರೈಮಿ ನಿರ್ದೇಶನದ ‘ಡಾಕ್ಟರ್ ಸ್ಟ್ರೇಂಜ್ ಇನ್ ದ ಮಲ್ಟಿವರ್ಸ್ ಆಫ್ ಮ್ಯಾಡ್‌ನೆಸ್’ 2022ರ ಮೇ 6ರಂದು ಬಂತು. ಗಳಿಕೆ 95 ಕೋಟಿ ಡಾಲರ್ ದಾಟಿತು, ಸಿನಿಮಾಸ್ಕೋರ್ ಮಾತ್ರ ‘ಬಿ ಪ್ಲಸ್’ಗೆ ಇಳಿಯಿತು. ರೈಮಿ ಅವರ ಹಳೆಯ ಭಯಾನಕ ಚಿತ್ರಗಳನ್ನು ಬಲ್ಲವರು, ಹೆಣದೊಳಗೆ ಸೇರಿದ ಸ್ಟ್ರೇಂಜ್ ಪ್ರೇತಗಳನ್ನೇ ಮೇಲಂಗಿ ಮಾಡಿಕೊಂಡು ಹಾರುವುದನ್ನು ಕಂಡು ಕುಣಿದಾಡಿದರು. ‘ವಾಂಡಾವಿಷನ್’ ಸರಣಿಯಲ್ಲಿ ಮಾಟಗಾತಿ ವಾಂಡಾಳ ದುಃಖದೊಂದಿಗೆ ನಡೆದು ಬಂದವರು, ಅವಳನ್ನು ಕೊಲೆಗಡುಕಿಯನ್ನಾಗಿ ಮಾಡಿದ್ದಕ್ಕೆ ಕೆರಳಿದರು. ಇಬ್ಬರ ಮಾತಿನಲ್ಲೂ ಹುರುಳಿದೆ. ಎಲಿಜಬೆತ್ ಓಲ್ಸನ್ ಅಭಿನಯ ಆ ಪಾತ್ರವನ್ನು ಎತ್ತಿ ಹಿಡಿಯದಿದ್ದರೆ ಕಥೆ ಅಲ್ಲೇ ಕುಸಿಯುತ್ತಿತ್ತು.

ಹೆಚ್ಚು ಪಾಠವಿರುವುದು ಇಲ್ಯುಮಿನಾಟಿ ಎಂಬ, ಇನ್ನೊಂದು ವಿಶ್ವದ ವೀರರ ಕೂಟದ ಪ್ರಸಂಗದಲ್ಲಿ. ಆ ಕೂಟದ ಮಿಸ್ಟರ್ ಫೆಂಟಾಸ್ಟಿಕ್ ಪಾತ್ರಕ್ಕೆ ಜಾನ್ ಕ್ರಸಿನ್ಸ್ಕಿ ತಕ್ಕವರು ಎಂದು ಅಭಿಮಾನಿಗಳು ವರ್ಷಗಟ್ಟಲೆ ಹಟ ಹಿಡಿದಿದ್ದರು. ಸ್ಟುಡಿಯೋ ಅವರನ್ನೇ ಕರೆತಂದಿತು. ಚಿತ್ರಮಂದಿರಗಳಲ್ಲಿ ಶಿಳ್ಳೆ ಚಪ್ಪಾಳೆ. ಕೆಲವೇ ನಿಮಿಷಗಳಲ್ಲಿ ವಾಂಡಾ ಆ ಪಾತ್ರವನ್ನು ದಾರದ ಎಳೆಗಳಂತೆ ಸೀಳಿ ಮುಗಿಸುತ್ತಾಳೆ. ಬೇಡಿದ್ದು ಸಿಕ್ಕಿತು, ಚಿತ್ರಕ್ಕೆ ಏನೂ ಸೇರಲಿಲ್ಲ. ಇಡೀ ಚಿತ್ರದಲ್ಲಿ ನಿಜಕ್ಕೂ ಹೊಸದಾದ ಕಲ್ಪನೆ ಯಾರೂ ಕೇಳದೇ ಇದ್ದದ್ದು: ಇಬ್ಬರು ಸ್ಟ್ರೇಂಜ್‌ಗಳು ಹಾಳೆಯಿಂದ ಸಂಗೀತದ ಸ್ವರಚಿಹ್ನೆಗಳನ್ನು ಎಬ್ಬಿಸಿ ಬಾಣಗಳಂತೆ ಎಸೆಯುವ ಕಾಳಗ. ಸಂಗೀತ ನಿರ್ದೇಶಕ ಡ್ಯಾನಿ ಎಲ್ಫ್‌ಮನ್ ಅಲ್ಲಿ ಬಾಖ್ ಮತ್ತು ಬೀಥೊವನ್‌ರನ್ನು ಪರಸ್ಪರ ಕಾದಾಡಿಸುತ್ತಾರೆ. ಕಣ್ಣಿಗೆ ಕಂಡದ್ದು ಕಿವಿಗೆ ಕೇಳುತ್ತದೆ. ಚಿತ್ರ ಹಿಡಿಸದವರೂ ಇದನ್ನು ಮೆಚ್ಚಿಕೊಂಡರು.

ಎರಡರ ನಡುವೆ ತೂಗಿದರೆ 2016ರ ಚಿತ್ರವೇ ಮೇಲು. ಅದರ ಖಳ ದುರ್ಬಲ, ರೇಚಲ್ ಮ್ಯಾಕ್ಆಡಮ್ಸ್ ಅವರ ವೈದ್ಯೆಯ ಪಾತ್ರ ಅರೆಬೆಂದದ್ದು, ಗುರುವಿನ ಪಾತ್ರಹಂಚಿಕೆ ತಪ್ಪು ನಿರ್ಧಾರ. ಇಷ್ಟಿದ್ದೂ ಸೂಪರ್‌ಹೀರೊ ಚಿತ್ರವೊಂದು ತನ್ನ ಕೊನೆಯ ಕಾಳಗವನ್ನು ಹೊಡೆತದಿಂದ ಗೆಲ್ಲದೆ ಹಟದಿಂದ ಗೆದ್ದದ್ದು ಅಪರೂಪ. ಒಮ್ಮೆ ನೋಡಿದವರು ಇನ್ನೊಮ್ಮೆ ನೋಡುವುದಾದರೆ ನ್ಯೂಯಾರ್ಕ್ ಮಡಚುವಲ್ಲಿಗೇ ನಿಲ್ಲಬಾರದು, ಹಾಂಕಾಂಗಿನ ಬೀದಿಯಿಂದ ಡೊರ್ಮಾಮುವಿನ ಲೋಕದವರೆಗಿನ ಭಾಗವನ್ನು ಪೂರ್ತಿ ಗಮನವಿಟ್ಟು ನೋಡಬೇಕು.