ಕಿವಿಗಿರುವ ಜಾಣ್ಮೆ, ಕೈಗಿಲ್ಲದ ತಾಳ್ಮೆ

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಿಂತು ಕಾರಿನ ಸದ್ದು ಕೇಳುವುದೇ ಒಂದು ಸಾಹಸ. ಅತ್ತ ಪ್ರೆಸ್ಸಿನ ಧಡಧಡ, ಇತ್ತ ಕರೆಂಟು ಹೋದೊಡನೆ ಗುಡುಗುವ ಜನರೇಟರು, ನಡುವೆ ಕನಕಪುರ ರಸ್ತೆಯಿಂದ ಒಳಕ್ಕೆ ತಿರುಗುವ ಲಾರಿಗಳು. ಇಷ್ಟರ ಮಧ್ಯೆ ರಸ್ತೆಬದಿ ಗ್ಯಾರೇಜಿನ ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ವಾಟರ್ ಪಂಪಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚುತ್ತಾನೆ. ಎರಡೇ ಕ್ಷಣ. "ಬೇರಿಂಗ್ ಹೋಗಿದೆ ಸಾರ್."

ಈ ವಿದ್ಯೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಸದ್ದು ಗಾಳಿಗಿಂತ ಉಕ್ಕಿನಲ್ಲಿ ಚೆನ್ನಾಗಿ ಹರಿಯುತ್ತದೆ. ಹಾಗಾಗಿ ಸುತ್ತ ಎಷ್ಟೇ ಗದ್ದಲವಿದ್ದರೂ ಆ ಸ್ಕ್ರೂಡ್ರೈವರಿಗೆ ಕೇಳುವುದು ಪಂಪಿನ ಗೊರಗೊರ ಮಾತ್ರ. ಬೆಲ್ಟು ಕೀಂಯ್ ಎಂದರೆ ಓಡುತ್ತಿರುವಾಗಲೇ ಅದರ ಮೇಲೆ ಒಂದಿಷ್ಟು ನೀರು ಚಿಮುಕಿಸುತ್ತಾರೆ. ಸದ್ದು ಗಳಿಗೆ ಹೊತ್ತು ಅಡಗಿದರೂ ಸರಿ, ಇನ್ನೂ ಜೋರಾದರೂ ಸರಿ, ತಂಟೆ ಬೆಲ್ಟಿನದೇ. ನೀರಿಗೂ ಜಗ್ಗದಿದ್ದರೆ ಹುಡುಕಬೇಕಾದದ್ದು ಯಾವುದೋ ಬೇರಿಂಗನ್ನು. ಬೆಲ್ಟನ್ನೇ ಕಳಚಿ ಅರ್ಧ ನಿಮಿಷ ಎಂಜಿನ್ ಓಡಿಸಿದರೆ ಉಳಿದ ಅನುಮಾನವೂ ಹೋಗುತ್ತದೆ. ಖರ್ಚು, ಒಂದು ಚೊಂಬು ನೀರು.

ಫ್ಯಾನಿನ ವಿಷಯದಲ್ಲೂ ಇವರು ಗಟ್ಟಿಗರು. ಪಕ್ಕದ ಬಿಡದಿಯಲ್ಲಿ 1999ರ ಕೊನೆಗೆ ತಯಾರಾಗತೊಡಗಿದ ಕ್ವಾಲಿಸ್‌ನಲ್ಲಿ ಫ್ಯಾನನ್ನು ತಿರುಗಿಸುತ್ತಿದ್ದದ್ದು ಎಂಜಿನ್ನೇ, ನಡುವೆ ದಪ್ಪ ಎಣ್ಣೆ ತುಂಬಿದ ಕಪ್ಲಿಂಗ್. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಅದು ಒಂದೆರಡು ನಿಮಿಷ ಭೋರ್ಗರೆಯುವುದು ಸಹಜ. ಇಡೀ ದಿನ ಭೋರ್ಗರೆದರೆ ಕಪ್ಲಿಂಗ್ ಕಚ್ಚಿಕೊಂಡಿದೆ ಎಂದರ್ಥ. ಇದನ್ನು ಗ್ಯಾರೇಜಿನಲ್ಲಿ ಚಹಾ ತರುವ ಹುಡುಗನೂ ಹೇಳಬಲ್ಲ. (ಗಾಡಿ ಆಫ್ ಮಾಡಿದ ಮೇಲೆ ಕೇಳುವ ಟಿಕ್ ಟಿಕ್ ಬರೀ ಲೋಹ ತಣಿಯುವ ಸದ್ದು. ಅದಕ್ಕೆ ಹೆದರಿ ದುಡ್ಡು ಕಳೆದುಕೊಂಡವರನ್ನು ಕಂಡಿದ್ದೇನೆ.)

ತಿರುಗುವ ಲೋಹದ ಮಾತು ಇಷ್ಟಾಯಿತು. ನೀರಿನ ಮಾತು ಬಂದಾಗ ಈ ಕಿವಿ ಎಡವುತ್ತದೆ.

ನನ್ನ ಹಳೆಯ ಕಾರಿನಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಶುರುವಾಯಿತು, ಯಾರೋ ಬಿಂದಿಗೆಯಿಂದ ಬಗ್ಗಿಸಿದ ಹಾಗೆ. ಮೊದಲ ಗ್ಯಾರೇಜಿನವನು "ಏರ್‌ಲಾಕ್" ಎಂದ. ತಪ್ಪಲ್ಲ, ಹೀಟರಿನ ಸಣ್ಣ ರೇಡಿಯೇಟರಿನಲ್ಲಿ ಗಾಳಿ ಸೇರಿಕೊಂಡಾಗ ಬರುವ ಸದ್ದೇ ಅದು. ಆದರೆ ಗಾಳಿ ಬಂದಿದೆಯೆಂದರೆ ಅಷ್ಟು ನೀರು ಎಲ್ಲಿಗೋ ಹೋಗಿರಬೇಕಲ್ಲ? ಆ ಪ್ರಶ್ನೆಯನ್ನು ಅವನು ಕೇಳಲಿಲ್ಲ. ಬೋರ್‌ವೆಲ್ ನೀರು ತುಂಬಿಸಿ ಕಳಿಸಿದ. ಲೋಟದ ತಳದಲ್ಲಿ ಬಿಳಿ ಉಳಿಸುವ ನೀರು ರೇಡಿಯೇಟರಿನ ನಳಿಗೆಗಳಲ್ಲೂ ಅದನ್ನೇ ಮಾಡುತ್ತದೆ. ಮೇಲಾಗಿ ನಮ್ಮ ಎತ್ತರದಲ್ಲಿ ಬರೀ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕೂಲೆಂಟ್ ಬೆರೆಸಿ, ಒತ್ತಡ ಹಿಡಿದಿಡುವ ಮುಚ್ಚಳ ಬಿಗಿಯಾಗಿದ್ದರೆ 120 ಡಿಗ್ರಿ ದಾಟಿದರೂ ಕುದಿಯದು.

ಎರಡನೆಯವನು ಸ್ಕ್ಯಾನರ್ ಹಚ್ಚಿದ. ಕೋಡ್ ಏನೂ ಬರಲಿಲ್ಲ, ಟೆಂಪರೇಚರ್ ಸರಿಯಿತ್ತು. ಯಂತ್ರ ಹೇಳಿದ ಮೇಲೆ ಮುಗಿಯಿತು ಎಂಬ ಈಚಿನ ನಂಬಿಕೆಯ ಬಗ್ಗೆ ನನಗಿರುವ ತಕರಾರು ಇಲ್ಲಿದೆ. ಸೆನ್ಸಾರ್ ಅಳೆಯುವುದು ತನಗೆ ತಾಗಿದ ನೀರಿನ ಬಿಸಿಯನ್ನು. ನೀರು ಇಳಿದು ಅದರ ತುದಿ ಗಾಳಿಯಲ್ಲಿ ನಿಂತರೆ, ಎಂಜಿನ್ ಬೇಯುತ್ತಿರುವಾಗಲೂ ಮುಳ್ಳು ತಣ್ಣಗೆ ಕೂತಿರಬಹುದು.

ಮೂರನೆಯವನದು ಎಲ್ಲಕ್ಕೂ ಒಂದೇ ಮದ್ದು: "ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಸಾರ್, ಗಾಡಿ ತಣ್ಣಗಿರುತ್ತೆ." ನಮ್ಮ ಕಡೆ ಇಷ್ಟು ಜನಪ್ರಿಯವಾದ, ಇಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ. ಸಾಮಾನ್ಯವಾಗಿ 82ರಿಂದ 88 ಡಿಗ್ರಿಗೆ ತೆರೆಯುವ ಆ ವಾಲ್ವ್ ಇಲ್ಲದಿದ್ದರೆ ಎಂಜಿನ್ ಕಾಯುವುದಕ್ಕೆ ಹೊತ್ತು ಹಿಡಿಯುತ್ತದೆ, ಇಂಧನ ಹೆಚ್ಚು ಕುಡಿಯುತ್ತದೆ. ಬೈಪಾಸ್ ದಾರಿಯನ್ನೂ ಅದೇ ಮುಚ್ಚುವ ಎಂಜಿನ್ನುಗಳಲ್ಲಂತೂ ಬಿಸಿನೀರು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತಿ, ಗಾಡಿ ಇನ್ನಷ್ಟು ಹೀಟಾಗುತ್ತದೆ. ನಾನು ಕೀಳಿಸಲಿಲ್ಲ. ಅವನು ಬೇಜಾರು ಮಾಡಿಕೊಂಡ.

ಇವರಾರೂ ದಡ್ಡರಲ್ಲ. ಆದರೆ ಕೂಲಿಂಗ್ ವ್ಯವಸ್ಥೆಯ ರೋಗ ಹಿಡಿಯಲು ಮೊದಲು ಎಂಜಿನ್ ತಣಿಯಬೇಕು. ಬಿಸಿಯಲ್ಲಿ ಮುಚ್ಚಳ ತೆಗೆದರೆ ಮುಖವೇ ಬೇಯುತ್ತದೆ. ಹೊರಗೆ ನಾಲ್ಕು ಗಾಡಿ ನಿಂತಿರುವಾಗ, ಶಿಫ್ಟ್ ಮುಗಿಸಿ ಬಂದ ಗಿರಾಕಿ ಗಡಿಯಾರ ನೋಡುತ್ತಿರುವಾಗ, ತಣಿಯಲು ಬಿಡುವವರು ಯಾರು? ಆ ಗಿರಾಕಿಗಳಲ್ಲಿ ನಾನೂ ಒಬ್ಬನಾಗಿದ್ದೆ.

ಕೊನೆಗೆ ಸಿಕ್ಕ ವಯಸ್ಸಾದ ಮೇಸ್ತ್ರಿ ಸ್ಕ್ರೂಡ್ರೈವರ್ ಇಟ್ಟು ಕೇಳಿ, "ಪಂಪ್ ಸುಮ್ಮನಿದೆ" ಎಂದರು. ಅಲ್ಲಿಗೇ ನಿಲ್ಲಲಿಲ್ಲ. "ಬಿಟ್ಟು ಹೋಗಿ, ನಾಳೆ ಬನ್ನಿ." ಸಂಜೆ ಎಂಜಿನ್ ತಣಿದ ಮೇಲೆ ನೀರು ತುಂಬಿಸಿ, ಮುಚ್ಚಳದ ಜಾಗಕ್ಕೆ ಕೈಪಂಪಿನ ಮೀಟರ್ ಕೂರಿಸಿ, ಮುಚ್ಚಳದ ಮೇಲೆ ಬರೆದಿದ್ದ 0.9 ಬಾರ್ ತನಕ ಗಾಳಿ ಒತ್ತಿದ್ದರಂತೆ. ಬೆಳಗ್ಗೆ ಹೋದಾಗ ಮುಳ್ಳು ಕೆಳಗಿಳಿದಿತ್ತು. ಟಾರ್ಚ್ ಹಿಡಿದು ಪಂಪಿನ ಹೊಟ್ಟೆಯಡಿ ತೋರಿಸಿದರು. ಕಡಲೆಕಾಳಿನಷ್ಟು ಸಣ್ಣ ತೂತು, ಒಳಗಿನ ಸೀಲು ಸೋತರೆ ನೀರು ಹೊರಬರಲೆಂದೇ ಬಿಟ್ಟದ್ದು. ಅದರ ಕೆಳಗೆ ಒಣಗಿ ಅಂಟಿದ ಹಸಿರು ಗೆರೆ, ತುದಿಯಲ್ಲಿ ಒಂದು ಹಸಿ ಹನಿ. ಓಡುವಾಗ ಆ ಹನಿ ಬಿಸಿ ಎಂಜಿನ್ನಿನ ಮೇಲೇ ಆವಿಯಾಗುತ್ತಿದ್ದರಿಂದ ನೆಲದ ಮೇಲೆ ಒಂದು ದಿನವೂ ಕಲೆ ಬಿದ್ದಿರಲಿಲ್ಲ. ಬೇರಿಂಗಿಗೆ ನೀರು ಇನ್ನೂ ತಲುಪಿರಲಿಲ್ಲ. ಅದಕ್ಕೇ ಪಂಪ್ ಸುಮ್ಮನಿದ್ದದ್ದು.