ಪದದ ಅರ್ಥ ಗೊತ್ತಾದರೆ ಸಾಕೇ?

ನಮ್ಮಲ್ಲಿ ಇಂಗ್ಲಿಷ್ ಕಲಿಸುವ ಪರಿಪಾಠ ಎಲ್ಲರಿಗೂ ಗೊತ್ತು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಒಂದು ಕನ್ನಡ ಪದ. ಪಟ್ಟಿ ಬಾಯಿಪಾಠವಾದರೆ ಕಲಿಕೆ ಮುಗಿಯಿತು. ‘ಸ್ಲಿಮ್’ ಎಂದರೂ ತೆಳ್ಳಗೆ, ‘ಸ್ಕಿನ್ನಿ’ ಎಂದರೂ ತೆಳ್ಳಗೆ. ಆದರೆ ಮೊದಲನೆಯದು ಮೆಚ್ಚುಗೆ, ಎರಡನೆಯದು ಸಣಕಲು ಎಂಬ ಹೀಗಳಿಕೆ. ಅಡುಗೆ ಘಮಘಮಿಸುತ್ತಿದೆ ಎನ್ನಲು ಹೋಗಿ ‘ದಿ ಫುಡ್ ಸ್ಮೆಲ್ಸ್’ ಎಂದಷ್ಟೇ ಹೇಳಿದರೆ ನಾತ ಬರುತ್ತಿದೆ ಎಂದಂತಾಗುತ್ತದೆ. ವ್ಯಾಕರಣ ಸರಿಯಿದೆ, ಅಡುಗೆ ಮಾಡಿದವರ ಮನಸ್ಸು ಮಾತ್ರ ಮುರಿದಿದೆ.

ಪದಕ್ಕೆ ಅರ್ಥದ ಜೊತೆ ಬಣ್ಣವೂ ಇರುತ್ತದೆ ಎಂಬುದು ನಮಗೆ ಹೊಸದೇನಲ್ಲ. ಹಠ ಹಿಡಿದ ಮಗುವನ್ನು ಗದರುವ ನಾವೇ ಛಲ ಬಿಡದವನನ್ನು ಹೊಗಳುತ್ತೇವೆ. ಅದೇ ‘ಛಲ’ ಸಂಸ್ಕೃತದಲ್ಲಿ ಮೋಸ. ನಮ್ಮ ‘ಅಭಿಮಾನಿ’ ಹಿಂದಿಯಲ್ಲಿ ಅಹಂಕಾರಿ. ಭಾಷೆಯ ಗಡಿ ದಾಟಿದ ಪದ ಬಣ್ಣ ಬದಲಿಸುತ್ತದೆ.

ಕಾಲವೂ ಬಣ್ಣ ಬದಲಿಸುತ್ತದೆ. 1622ರಲ್ಲಿ ರೋಮಿನ ಕ್ಯಾಥೊಲಿಕ್ ಚರ್ಚ್ ಧರ್ಮಪ್ರಸಾರಕ್ಕೆಂದು ಸ್ಥಾಪಿಸಿದ ಮಂಡಳಿಯ ಹೆಸರಿನಿಂದ ‘ಪ್ರಾಪಗಾಂಡ’ ಎಂಬ ಪದ ಬಂತು. ಒಂದನೇ ಮಹಾಯುದ್ಧದ ಬಳಿಕ ಅದಕ್ಕೆ ಸುಳ್ಳಿನ ಕಳಂಕ ಗಾಢವಾಗಿ ಅಂಟಿಕೊಂಡಿತು. ಚುನಾವಣಾ ಪ್ರಚಾರವನ್ನು ಹಾಗೆ ಕರೆದ ವಿದ್ಯಾರ್ಥಿ ತನಗರಿಯದೆ ಅಭ್ಯರ್ಥಿಯ ಮೇಲೆ ಆರೋಪ ಹೊರಿಸುತ್ತಾನೆ. ಅವನಿಗೆ ಬೇಕಿದ್ದದ್ದು ‘ಕ್ಯಾಂಪೇನ್’.

ಆಕ್ಸ್‌ಫರ್ಡ್ ಪ್ರಕಟಿಸುವ ಕಲಿಯುವವರ ನಿಘಂಟು ಇಂತಹ ಪದಗಳಿಗೆ ಮೆಚ್ಚುಗೆ, ಅಸಮ್ಮತಿ ಎಂಬ ಗುರುತು ಹಾಕುತ್ತದೆ. ನಮ್ಮ ಪದಪಟ್ಟಿಗಳಲ್ಲಿ ಆ ಗುರುತು ಎಲ್ಲಿದೆ? ‘ಸ್ಕಿನ್ನಿ’ಗೆ ಸಣಕಲು, ‘ಸ್ಟಿಂಜಿ’ಗೆ ಜಿಪುಣ, ‘ಥ್ರಿಫ್ಟಿ’ಗೆ ಮಿತವ್ಯಯಿ ಎಂದು ಬರೆಯಲು ಕನ್ನಡಕ್ಕೆ ಬಡತನವೇನೂ ಇಲ್ಲ. ಇರುವುದು ನಮ್ಮ ಉದಾಸೀನ.

ಇದು ಕೇವಲ ಶಿಷ್ಟಾಚಾರದ ಪ್ರಶ್ನೆಯಲ್ಲ. ಒಂದು ದೇಶದ ಆಡಳಿತವನ್ನು ‘ಗವರ್ನ್‌ಮೆಂಟ್’ ಎಂದು, ಇನ್ನೊಂದರದ್ದನ್ನು ‘ರೆಜೀಮ್’ ಎಂದು ಬರೆಯುವ ವರದಿಗಾರ ಅಲ್ಲೇ ತೀರ್ಪು ಕೊಟ್ಟಿರುತ್ತಾನೆ. ಬೀದಿಯಲ್ಲಿ ಸೇರಿದವರು ‘ಕ್ರೌಡ್’ ಆದರೆ ಜನ, ‘ಮಾಬ್’ ಆದರೆ ಪುಂಡರು. ಎರಡಕ್ಕೂ ‘ಗುಂಪು’ ಎಂದು ಕಲಿತ ಓದುಗನಿಗೆ ಪಕ್ಷಪಾತ ಕಾಣುವುದಿಲ್ಲ. ತೀರ್ಪನ್ನೇ ಸುದ್ದಿಯೆಂದು ನಂಬುತ್ತಾನೆ.

ಆದ್ದರಿಂದ ಹೊಸ ಪದ ಕಲಿಯುವ ಮಕ್ಕಳಿಗೆ ಅರ್ಥದ ಜೊತೆ ಇನ್ನೊಂದು ಪ್ರಶ್ನೆಯನ್ನೂ ಕಲಿಸೋಣ: ಈ ಮಾತನ್ನು ನನ್ನ ಬಗ್ಗೆ ಯಾರಾದರೂ ಆಡಿದರೆ ನನಗೆ ಹೇಗನಿಸೀತು?