ಮೊದಲು ಮಲಗುವುದನ್ನು ಕಲಿಯಿರಿ

ದಣಿದ ಮೈಗೆ ಮೊದಲ ವಾರವೇ ಹನ್ನೆರಡು ಸೂರ್ಯನಮಸ್ಕಾರ ಹೇರುವುದು ನನಗೆ ಒಪ್ಪಿಗೆಯಿಲ್ಲ. ಹೈದರಾಬಾದಿನ ನಮ್ಮ ಕುಷಾಯಿಗೂಡದಲ್ಲಿ ಚರ್ಲಪಲ್ಲಿಯ ಕಾರ್ಖಾನೆಗಳಿಂದ ನೈಟ್ ಶಿಫ್ಟ್ ಮುಗಿಸಿ ಮರಳುವವರಿದ್ದಾರೆ, ಇಸಿಐಎಲ್ ಚೌರಸ್ತಾದ ಟ್ರಾಫಿಕ್ಕಿನಲ್ಲಿ ದಿನಾ ಹೈರಾಣಾಗುವವರಿದ್ದಾರೆ. ಒತ್ತಡ ಕಳೆಯಲೆಂದು ಯೋಗಕ್ಕೆ ಬರುವ ಇಂಥವರು ಶವಾಸನದಿಂದಲೇ ಶುರು ಮಾಡಲಿ.

ಈ ಮಾತಿಗೆ ನನಗೆ ಬಲ ಕೊಡುವವರು ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್. ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ನರಳಿದ ಆ ಬಡಕಲು ಹುಡುಗ ಯೋಗ ಕಲಿತದ್ದು ಮೈಸೂರಿನಲ್ಲಿ, ಭಾವ ಟಿ. ಕೃಷ್ಣಮಾಚಾರ್ಯರ ಬಳಿ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಕೃಷ್ಣಮಾಚಾರ್ಯರೇ 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲಿ ಕೊಟ್ಟವರು. 1952ರಲ್ಲಿ ಮುಂಬಯಿಗೆ ಬಂದಿದ್ದ ಪಿಟೀಲು ವಾದಕ ಯೆಹೂದಿ ಮೆನುಹಿನ್, ತುಂಬಾ ದಣಿದಿದ್ದೇನೆ, ಐದೇ ನಿಮಿಷ ಬಿಡುವಿದೆ ಎಂದು ಅಯ್ಯಂಗಾರರಿಗೆ ಹೇಳಿದರಂತೆ. ಅಯ್ಯಂಗಾರರು ಅವರನ್ನು ಶವಾಸನದಲ್ಲಿ ಮಲಗಿಸಿದರು. ಮೆನುಹಿನ್ ಹಾಗೇ ನಿದ್ದೆಹೋದರು. ಎದ್ದಾಗ ಹೊಸ ಹುರುಪು. ಮುಂದೆ ಅಯ್ಯಂಗಾರರನ್ನು ಯುರೋಪಿಗೆ ಕರೆಸಿಕೊಂಡವರೂ ಅವರೇ.

ಶವಾಸನ ನೋಡಲು ಸುಲಭ, ಮಾಡಲು ಕಷ್ಟ. ಜಮಖಾನದ ಮೇಲೆ ಅಂಗಾತ ಮಲಗಿ, ಅಂಗೈ ಮೇಲಕ್ಕೆ ತಿರುಗಿಸಿ, ಕುತ್ತಿಗೆಯಡಿ ಮಡಿಸಿದ ಟವೆಲು ಇಟ್ಟುಕೊಳ್ಳಿ. ಈಗ ಬಾಯಿಯ ಕಡೆ ಗಮನ ಕೊಡಿ. ನಾಲಿಗೆ ಅಂಗುಳಿಗೆ ಒತ್ತಿಕೊಂಡಿರುತ್ತದೆ, ಹಲ್ಲು ಕಚ್ಚಿಕೊಂಡಿರುತ್ತದೆ. ದಿನವಿಡೀ ಹಾಗೇ ಇದ್ದದ್ದು ಆಗಷ್ಟೇ ತಿಳಿಯುತ್ತದೆ. ದವಡೆ ಸಡಿಲಬಿಟ್ಟರೆ ಹುಬ್ಬಿನ ಗಂಟೂ ಬಿಚ್ಚುತ್ತದೆ. ಆಮೇಲೆ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಂಡು, ಆರು ಎಣಿಸುವಷ್ಟು ಹೊತ್ತು ಬಿಡಿ. ಉಸಿರು ಬಿಡುವಾಗ ವೇಗಸ್ ನರದ ಹಿಡಿತ ಹೆಚ್ಚಿ ಎದೆಬಡಿತ ತುಸು ನಿಧಾನವಾಗುತ್ತದೆ; ಬಿಡುವ ಉಸಿರನ್ನು ಉದ್ದ ಮಾಡುವುದು ಅದಕ್ಕೇ. ಉಸಿರು ಕಟ್ಟುವ ಕುಂಭಕಕ್ಕೆ ಹೊಸಬರು ಕೈಹಾಕುವುದು ಬೇಡ.

ದಿನವೆಲ್ಲ ನಿಂತೇ ಕೆಲಸ ಮಾಡುವವರು, ಗೋಡೆಗೆ ಒತ್ತಾಗಿ ಮಲಗಿ ಕಾಲುಗಳನ್ನು ಮೇಲಕ್ಕೆ ಒರಗಿಸುವ ವಿಪರೀತಕರಣಿಯನ್ನೂ ಸೇರಿಸಿಕೊಳ್ಳಬಹುದು. ಗ್ಲಾಕೋಮಾ ಇದ್ದರೆ, ಬಿಪಿ ಹತೋಟಿಯಲ್ಲಿ ಇಲ್ಲದಿದ್ದರೆ ಇದು ಬೇಡ. ಎರಡೂ ಆಸನಗಳಿಗೆ ಊಟವಾಗಿ ಮೂರು ಗಂಟೆಯಾದರೂ ಕಳೆದಿರಬೇಕು.

ಇದರಿಂದ ಕೆಲಸದ ಹೊರೆ ಇಳಿಯದು, ಸಾಲದ ಕಂತು ತಪ್ಪದು. ನನಗೆ ಸಿಕ್ಕ ಲಾಭವೆಂದರೆ, ಸಿಟ್ಟಿನ ಮಾತು ಬಾಯಿಗೆ ಬರುವ ಮುಂಚೆಯೇ ಭುಜ ಬಿಗಿಯುವುದು ಗೊತ್ತಾಗುತ್ತದೆ. ಒಂದು ದೀರ್ಘ ಉಸಿರು ಬಿಡುವಷ್ಟು ಸಮಯ ಸಿಗುತ್ತದೆ. ಮನೆಮಂದಿಗೆ ಆಡಬಾರದ ಎಷ್ಟೋ ಮಾತು ಅಷ್ಟರಲ್ಲಿ ಉಳಿದುಹೋಗಿದೆ. ಹಾಸಿಗೆಯಲ್ಲಿ ಹೊರಳಾಡುವುದೂ ಕಡಿಮೆಯಾಗಿದೆ.

ಕ್ಲಾಸಿಗೆ ಸೇರುವವರು ಫೀಸು ಕಟ್ಟುವ ಮೊದಲು ಶವಾಸನಕ್ಕೆ ಎಷ್ಟು ಹೊತ್ತು ಕೊಡುತ್ತೀರಿ ಎಂದು ಗುರುಗಳನ್ನು ಕೇಳಿ. ಎರಡೇ ನಿಮಿಷ ಎಂದರೆ ಬೇರೆ ಕಡೆ ವಿಚಾರಿಸಿ.